ಗಟ್ಟಿ ಎಂಜಿನ್ ಎಂಬ ಸುಳ್ಳು ಭರವಸೆ

ಬಳ್ಳಾರಿಯ ಹೊಸಪೇಟೆ ರಸ್ತೆಯಲ್ಲಾಗಲಿ, ಸಿರುಗುಪ್ಪದ ರೈಸ್‌ಮಿಲ್ಲುಗಳ ಎದುರಿಗಾಗಲಿ, ಕುರುಗೋಡಿನ ಚಹಾದಂಗಡಿಯಲ್ಲಾಗಲಿ, ಸೆಕೆಂಡ್ ಹ್ಯಾಂಡ್ ಪಿಕಪ್ ತಗೋಬೇಕು ಅಂತ ಬಾಯಿಬಿಟ್ಟರೆ ಸಿಗುವ ಬುದ್ಧಿಮಾತು ಒಂದೇ. “ಪಂಪಿನ ಗಾಡಿ ನೋಡಣ್ಣ. ಇಂಜಿನ್ ಗಟ್ಟಿ ಇರ್ತೈತಿ, ಹಳ್ಳ್ಯಾಗಿನ ಮೆಕ್ಯಾನಿಕ್ಕೂ ಬಿಚ್ಚಿ ಕಟ್ತಾನ. ಸೆನ್ಸರ್ ಗಾಡಿ ತಂಟಿಗೆ ಹೋಗಬ್ಯಾಡ, ಮನಿ ಮಾರಿಸ್ತೈತಿ.” ಹೇಳುವವರು ಬ್ರೋಕರ್ ಇರಬಹುದು, ಮೆಕ್ಯಾನಿಕ್ ಇರಬಹುದು, ವರ್ಷಗಟ್ಟಲೆ ಗಾಡಿ ಓಡಿಸಿದ ಸೋದರಮಾವನೇ ಇರಬಹುದು. ಎಲ್ಲರೂ ಹೇಳುತ್ತಾರೆ ಅನ್ನುವ ಕಾರಣಕ್ಕೇ ಯಾರೂ ಆ ಮಾತನ್ನು ಒರೆಗೆ ಹಚ್ಚಿ ನೋಡಿಲ್ಲ.

ನಾನು ಈ ಮಾತನ್ನು ಒಪ್ಪುವುದಿಲ್ಲ. ಇದನ್ನು ನಂಬಿ ನಮ್ಮ ಸೀಮೆಯ ದುಡಿಯುವ ಹುಡುಗರು ತಪ್ಪು ಗಾಡಿಗೆ ತಪ್ಪು ರೇಟು ಕೊಟ್ಟು, ಕಂತು ಕಟ್ಟಲಾಗದೆ ಒದ್ದಾಡುವುದನ್ನು ಕಾಣುತ್ತಿದ್ದೇನೆ. ಬಾಳಿಕೆ ಎಂಬುದು ಎಂಜಿನ್‌ನ ಹೆಸರಿನಲ್ಲಿ ಇರುವುದಿಲ್ಲ. ಎದುರಿಗೆ ನಿಂತಿರುವ ಆ ಒಂದು ಗಾಡಿ ಎಷ್ಟು ಭಾರ ಹೊತ್ತಿದೆ, ಯಾವ ನೀರು ಕುಡಿದಿದೆ, ಎಂಥ ಡೀಸೆಲ್ ಉರಿಸಿದೆ ಎಂಬುದರಲ್ಲಿ ಇರುತ್ತದೆ. ಹಾಗೆಯೇ ರಿಪೇರಿ ಖರ್ಚು ಎಂದರೆ ಗ್ಯಾರೇಜಿನ ಚೀಟಿಯಲ್ಲಿ ಬರೆದ ಮೊತ್ತ ಮಾತ್ರ ಅಲ್ಲ. ಗಾಡಿ ನಿಂತ ದಿನಗಳೂ ಅದರಲ್ಲಿ ಸೇರಬೇಕು. ಈ ಎರಡನ್ನೂ ಬಿಟ್ಟು ಮಾಡುವ ಹೋಲಿಕೆಗೆ ಮೂರು ಕಾಸಿನ ಬೆಲೆಯಿಲ್ಲ.

ಮೊದಲು ಈ ಪಂಪು, ಸೆನ್ಸರ್ ಎಂಬ ವಿಂಗಡಣೆಯನ್ನೇ ನೋಡೋಣ. 2005ರಲ್ಲಿ ಟಾಟಾ ಏಸ್ ಬಂದಾಗ ಅದರೊಳಗಿದ್ದದ್ದು 702 ಸಿಸಿಯ, ಎರಡು ಸಿಲಿಂಡರಿನ, 16 ಅಶ್ವಶಕ್ತಿಯ ಎಂಜಿನ್. ಇಂಡಿಕಾ ಕಾರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್‌ನ ಸರಿಯಾಗಿ ಅರ್ಧ. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ, ಹೊರಬೇಕಾದದ್ದು ಮುಕ್ಕಾಲು ಟನ್. ಟಾಟಾ 207, ಹಳೆಯ 2523 ಸಿಸಿ ಮಹೀಂದ್ರ ಪಿಕಪ್‌ಗಳು ಇದಕ್ಕಿಂತ ದೊಡ್ಡವು, ಆದರೆ ಸ್ವಭಾವದಲ್ಲಿ ಅದೇ ಜಾತಿ. “ಪಂಪಿನ ಗಾಡಿ” ಎಂದಾಗ ಜನರ ಮನಸ್ಸಿನಲ್ಲಿ ಇರುವುದು ಇವು. ಸೆನ್ಸರ್ ಗಾಡಿ ಎಂದರೆ 2020ರ ಬಿಎಸ್-6 ಹೊಗೆ ನಿಯಮ ಬಂದ ಮೇಲಿನ ಪೀಡೆ ಅಂತ ತುಂಬ ಜನ ತಿಳಿದಿದ್ದಾರೆ. ನಿಜ ಹಾಗಿಲ್ಲ. 2010ರಲ್ಲಿ ಬಂದ ಮಹೀಂದ್ರ ಮ್ಯಾಕ್ಸಿಮೊ ಕಾಮನ್ ರೈಲ್ ಗಾಡಿ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಬಿಡುವ ಸೆನ್ಸರ್ ಗಾಡಿಯೇ. 2011ರಲ್ಲಿ ಅಶೋಕ್ ಲೇಲ್ಯಾಂಡ್ ಮತ್ತು ನಿಸಾನ್ ಕೂಡಿ ತಂದ ದೋಸ್ತ್‌ನ ಮೂರು ಸಿಲಿಂಡರಿನ ಒಂದೂವರೆ ಲೀಟರ್ ಎಂಜಿನ್ ಕೂಡ ಟರ್ಬೊ ಇರುವ ಕಾಮನ್ ರೈಲ್ ಎಂಜಿನ್ನೇ. ಇದೇ ರಸ್ತೆಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಹೇರಿಕೊಂಡು ಓಡಿದ ಹಳೆಯ ದೋಸ್ತ್‌ಗಳನ್ನು ಸೆನ್ಸರ್ ಗಾಡಿ ಎಂದು ಯಾರೂ ಹೆದರಿ ದೂರ ಇಟ್ಟಿರಲಿಲ್ಲ. ಹತ್ತು ವರ್ಷ ಕಣ್ಣೆದುರು ದುಡಿದದ್ದನ್ನು ಮರೆತು, ಈಗ ಅದೇ ತಂತ್ರದ ಗಾಡಿ ಮನೆ ಮಾರಿಸುತ್ತದೆ ಎಂದು ಹೆದರಿಸುವುದು ಯಾವ ನ್ಯಾಯ?

ಇನ್ನು “ಹಳ್ಳಿಯ ಮೆಕ್ಯಾನಿಕ್ಕೂ ಬಿಚ್ಚಿ ಕಟ್ಟುತ್ತಾನೆ” ಎಂಬ ಮಾತು. ಬಿಚ್ಚುವುದೂ ಕಟ್ಟುವುದೂ ನಿಜ. ಆದರೆ ಡೀಸೆಲ್ ಪಂಪನ್ನು ಸರಿಮಾಡಬೇಕಾದರೆ ಟೆಸ್ಟ್ ಬೆಂಚ್ ಬೇಕು. ಯಾವ ವೇಗದಲ್ಲಿ ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗಬೇಕು ಎಂದು ಅಳೆದು ಕ್ಯಾಲಿಬ್ರೇಷನ್ ಮಾಡಬೇಕು. ಅದು ಹಳ್ಳಿಯ ಮರದ ಕೆಳಗೆ ಆಗುವ ಕೆಲಸವಲ್ಲ, ಹಿಂದೆಯೂ ಆಗಿರಲಿಲ್ಲ. ಅಲ್ಲಿ ನಡೆಯುವುದೇನೆಂದರೆ, ಗಾಡಿ ಎಳೆಯುತ್ತಿಲ್ಲ ಎಂದು ಓನರ್ ಗೊಣಗಿದಾಗ ಪಂಪಿನ ಸ್ಕ್ರೂ ಅರ್ಧ ಸುತ್ತು ತಿರುವಿ ಡೀಸೆಲ್ ಹೆಚ್ಚಿಗೆ ಬಿಡುವುದು. ಗಾಡಿ ಎಳೆಯುತ್ತದೆ, ಓನರ್ ಖುಷಿಯಾಗುತ್ತಾನೆ, ಕೈಗೆ ಮುನ್ನೂರು ರೂಪಾಯಿ ಕೊಟ್ಟು ಹೋಗುತ್ತಾನೆ. ಆಮೇಲೆ ಕರಿಹೊಗೆ, ಇಳಿದ ಮೈಲೇಜು, ಮಿತಿಮೀರಿ ಕಾಯುವ ಪಿಸ್ಟನ್, ಮಸಿಯಾಗುವ ಎಂಜಿನ್ ಆಯಿಲ್. ಎರಡು ವರ್ಷಕ್ಕೆ ಎಂಜಿನ್ ಇಳಿಸುವ ಹೊತ್ತಿಗೆ ಆ ಮುನ್ನೂರು ರೂಪಾಯಿಯ ನೆನಪು ಯಾರಿಗೂ ಇರುವುದಿಲ್ಲ. ಅಗ್ಗದ ರಿಪೇರಿ ಎಂದು ನಾವು ಹೊಗಳುವುದರಲ್ಲಿ ಮುಕ್ಕಾಲು ಭಾಗ ಇಂಥದ್ದು. ರೋಗ ಹಾಗೇ ಇರುತ್ತದೆ, ಕೆಮ್ಮು ಮಾತ್ರ ನಿಂತಿರುತ್ತದೆ.

ಎಂಜಿನ್ ಎಂಜಿನ್ ಎಂದು ಕೂಗುವವರು ಒಮ್ಮೆಯಾದರೂ ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ಸಿರುಗುಪ್ಪ ಸೀಮೆಯಲ್ಲಿ ಭತ್ತದ ಲೆಕ್ಕ 75 ಕೆ.ಜಿ. ಚೀಲದಲ್ಲಿ. ಒಂದೂವರೆ ಟನ್ ಪಾಸಿಂಗ್ ಇರುವ ಪಿಕಪ್ ಹೊರಬೇಕಾದದ್ದು 20 ಚೀಲ. ಟಾಟಾ ಏಸ್ ಆದರೆ 10 ಚೀಲ. ಸುಗ್ಗಿಯಲ್ಲಿ, ನವೆಂಬರ್ ಡಿಸೆಂಬರಿನಲ್ಲೋ ಏಪ್ರಿಲ್ ಮೇ ತಿಂಗಳಲ್ಲೋ, ಹೊಲದಿಂದ ಮಿಲ್ಲಿಗೆ ಬರುವ ಪಿಕಪ್‌ಗಳ ಚೀಲ ಎಣಿಸಿ. 20 ಚೀಲಕ್ಕೆ ನಿಲ್ಲಿಸಿದ ಗಾಡಿ ನಿಮಗೆ ಸಿಕ್ಕರೆ ಅದರ ಡ್ರೈವರನಿಗೆ ನನ್ನ ನಮಸ್ಕಾರ ತಿಳಿಸಿ. 35, 40 ಚೀಲ ಹೇರುವುದು ಅಲ್ಲಿ ಸಹಜ ಎಂಬಂತಾಗಿದೆ. 40 ಚೀಲ ಎಂದರೆ ಮೂರು ಟನ್, ಕಂಪನಿ ಬರೆದುಕೊಟ್ಟದ್ದರ ಎರಡು ಪಟ್ಟು. ಹಾಗೆ ಹೇರಿದ ಗಾಡಿ ಕಾಲುವೆ ದಂಡೆಯ ಮಣ್ಣುದಾರಿಯಲ್ಲಿ ಒಂದನೇ ಗೇರಿನಲ್ಲಿ ಏರುವಾಗ ಮೊದಲು ಸೋಲುವುದು ಎಂಜಿನ್ ಅಲ್ಲ. ಕ್ಲಚ್ ಪ್ಲೇಟು ಸುಡುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸಡಿಲಾಗುತ್ತದೆ. ಕ್ರೌನ್ ಪಿನಿಯನ್ ಹಲ್ಲು ಉದುರುತ್ತದೆ. ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್) ಚಪ್ಪಟೆಯಾಗಿ, ಮೇಲೊಂದು ಬ್ಲೇಡ್ ಹೆಚ್ಚಿಗೆ ಕೂಡಿಸುತ್ತಾರೆ, ಅದರ ಹೊಡೆತ ನೇರವಾಗಿ ಚಾಸಿಗೆ ಹೋಗುತ್ತದೆ. ಒಂದು ದಿನ ಕ್ಯಾಬಿನ್ ಹಿಂದೆ ಚಾಸಿ ಸೀಳುತ್ತದೆ. ಅಲ್ಲಿಗೊಂದು ಪ್ಲೇಟಿಟ್ಟು ವೆಲ್ಡಿಂಗ್ ಹೊಡೆದು, ಕಪ್ಪು ಬಣ್ಣ ಬಳಿದು, ಬ್ರೋಕರ್ ಕೈಗೆ ಕೊಡುತ್ತಾರೆ. ಬ್ರೋಕರ್ ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿ, “ಇಂಜಿನ್ ಸೌಂಡ್ ಕೇಳಣ್ಣ” ಅನ್ನುತ್ತಾನೆ. ಕೊಳ್ಳುವವನು ಸೌಂಡ್ ಕೇಳಿ ತಲೆಯಾಡಿಸುತ್ತಾನೆ.

ಈ ಹೆಚ್ಚಿನ ಭಾರ ಕಾನೂನಿಗೂ ಹೊರಗು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಎಂದಿದೆ. ದಂಡ ಹಾಕುವವರು ಸುಗ್ಗಿಯ ರಸ್ತೆಯಲ್ಲಿ ಎಷ್ಟು ಸಲ ಕಾಣುತ್ತಾರೆ ಎಂಬುದು ಬೇರೆ ಪ್ರಶ್ನೆ. ನನ್ನ ಮಾತು ಇಷ್ಟು: ಹೀಗೆ ಎರಡು ಪಟ್ಟು ಭಾರ ಹೊತ್ತು ಐದು ವರ್ಷ ಕಳೆದ ಗಾಡಿಯನ್ನೂ, ಬಳ್ಳಾರಿ ಊರೊಳಗೆ ಜೀನ್ಸ್ ಪ್ಯಾಂಟಿನ ಗಂಟುಗಳನ್ನೋ ಬೇಕರಿ ಮಾಲನ್ನೋ ಸಾಗಿಸಿದ ಅದೇ ಕಂಪನಿಯ, ಅದೇ ವರ್ಷದ, ಅದೇ ಎಂಜಿನ್‌ನ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುವವನಿಗೆ ಗಾಡಿಯ ಬಗ್ಗೆ ಏನೂ ಗೊತ್ತಿಲ್ಲ. ಆ ಎರಡು ಗಾಡಿಗಳಿಗೆ ಬರುವ ರಿಪೇರಿ ಬಿಲ್ಲು ಬೇರೆ ಬೇರೆ ಲೋಕದ್ದು. ಓವರ್‌ಲೋಡಿನಿಂದ ಕ್ರೌನ್ ಹೋದವನು “ಈ ಕಂಪನಿ ಗಾಡಿನೇ ವೇಸ್ಟು” ಎಂದು ಊರೆಲ್ಲ ಸಾರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹಾಗಾದರೆ ಎಂಜಿನ್ ಕೆಡುವುದೇ ಇಲ್ಲವೇ? ಕೆಡುತ್ತದೆ. ಯಾತಕ್ಕೆ ಕೆಡುತ್ತದೆ ಎಂಬುದನ್ನು ಬಿಚ್ಚಿದ ಎಂಜಿನ್ ಮುಂದೆ ನಿಂತು ನೋಡಬೇಕು. ಸಿರುಗುಪ್ಪ ರಸ್ತೆಯ ಒಂದು ಗ್ಯಾರೇಜಿನಲ್ಲಿ ಹೆಡ್ ಇಳಿಸಿದ ಪಿಕಪ್ ಒಂದನ್ನು ನೋಡಿದ್ದೇನೆ. ಹೆಡ್ ಗ್ಯಾಸ್ಕೆಟ್ ಎರಡನೇ ಸಿಲಿಂಡರಿನ ಪಕ್ಕದಲ್ಲಿ ಸುಟ್ಟಿತ್ತು. ನೀರು ಹರಿಯುವ ದಾರಿಗಳ ಒಳಗೆ ಮಾಸಿದ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಕೆರೆದರೆ ಚೂರು ಚೂರಾಗಿ ಎದ್ದು ಬರುತ್ತಿತ್ತು. ಅರ್ಧ ತೂತುಗಳು ಮುಚ್ಚಿಯೇ ಹೋಗಿದ್ದವು. ರೇಡಿಯೇಟರಿನ ಟ್ಯೂಬುಗಳ ಪಾಡೂ ಅದೇ. ಕೂಲೆಂಟ್ ಎಂಬುದನ್ನು ಆ ಎಂಜಿನ್ ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಬೋರ್‌ವೆಲ್‌ನ ಗಡುಸು ನೀರು, ಕಾಲುವೆ ನೀರು, ಹೋಟೆಲಿನ ಡ್ರಮ್ಮಿನ ನೀರು, ಕೈಗೆ ಸಿಕ್ಕದ್ದನ್ನು ಸುರಿದಿದ್ದರು. ಇನ್ನೊಂದು ಕೆಲಸವೂ ಆಗಿತ್ತು: ಥರ್ಮೋಸ್ಟ್ಯಾಟ್ ವಾಲ್ವನ್ನೇ ಕಿತ್ತು ಎಸೆದಿದ್ದರು. ನಮ್ಮ ಬಿಸಿಲಿಗೆ ಅದು ಬೇಡ ಎಂಬ ನಂಬಿಕೆ ಇಲ್ಲಿ ಮನೆಮಾತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಹಾಗೆ ಅನ್ನಿಸುವುದು ಸಹಜ. ಆದರೆ ಆ ವಾಲ್ವಿಲ್ಲದ ಎಂಜಿನ್ ಬೆಳಗಿನ ಹೊತ್ತು ಬೇಕಾದಷ್ಟು ಕಾಯುವುದೇ ಇಲ್ಲ. ಪೂರ್ತಿ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಆಯಿಲಿಗೆ ಇಳಿಯುತ್ತದೆ, ಆಯಿಲ್ ತೆಳುವಾಗುತ್ತದೆ, ಬೇರಿಂಗು ಸವೆಯುತ್ತದೆ. ಆ ಗಾಡಿಯ ಓನರ್ ಅಲ್ಲೇ ಸ್ಟೂಲಿನ ಮೇಲೆ ಕೂತು ಕಂಪನಿಯನ್ನು ಬೈಯುತ್ತಿದ್ದರು.

ಅದು ಪಂಪಿನ ಗಾಡಿ. ಅದು ಸೆನ್ಸರ್ ಗಾಡಿಯಾಗಿದ್ದರೆ ಕಾವು ಮೇಲೇರಿದ ಕೂಡಲೇ ದೀಪ ಹತ್ತಿ, ಎಂಜಿನ್ ತಾನೇ ಬಲ ಇಳಿಸಿಕೊಂಡು, ಡ್ರೈವರನಿಗೆ ಬದಿಗೆ ನಿಲ್ಲಿಸಲು ಹೇಳುತ್ತಿತ್ತು. ಹಾಗೆ ಬಲ ಇಳಿಸಿಕೊಳ್ಳುವುದನ್ನೇ ನಮ್ಮವರು “ಗಾಡಿ ಕೈಕೊಟ್ಟಿತು” ಅನ್ನುತ್ತಾರೆ.

ದೂಳಿನ ವಿಷಯವಂತೂ ಬಳ್ಳಾರಿಯವರಿಗೆ ನಾನು ಹೇಳಬೇಕಾಗಿಲ್ಲ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ದೂಳು. ಹಗರಿ ದಂಡೆಯಲ್ಲಿ ಮರಳು. ಮಿಲ್ಲುಗಳ ಅಂಗಳದಲ್ಲಿ ಭತ್ತದ ತೌಡು, ಹೊಟ್ಟು. ಏರ್ ಫಿಲ್ಟರಿನ ಸಂದಿಯಿಂದ ಚಿಟಿಕೆ ದೂಳು ಒಳಗೆ ಹೋದರೂ ಪಿಸ್ಟನ್ ರಿಂಗು, ಲೈನರ್ ಎರಡನ್ನೂ ಉಜ್ಜಿ ಸವೆಸುತ್ತದೆ. ಇದಕ್ಕೆ ಪಂಪಿನ ಗಾಡಿ, ಸೆನ್ಸರ್ ಗಾಡಿ ಎಂಬ ಭೇದವಿಲ್ಲ. ಫಿಲ್ಟರನ್ನು ನೆಲಕ್ಕೆ ಕುಟ್ಟಿ ಮತ್ತೆ ಹಾಕುವ ಕೈಯಲ್ಲಿ ಯಾವ ದೇಶದ ಎಂಜಿನ್ನೂ ಬಾಳುವುದಿಲ್ಲ. ಗಣಿ ಕಡೆ ಮೂರು ವರ್ಷ ಓಡಿದ ಹೊಸ ಗಾಡಿಗಿಂತ, ಕುರುಗೋಡಿನ ಕಿರಾಣಿ ಅಂಗಡಿಯವರ ಹತ್ತಿರ ಏಳು ವರ್ಷ ಇದ್ದ ಗಾಡಿ ಒಳಗಿನಿಂದ ಎಳೆಯದಾಗಿರಬಹುದು.

ಈಗ ಎಲ್ಲರೂ ಹೆದರುವ ಇಂಜೆಕ್ಟರಿಗೆ ಬರೋಣ. ಕಾಮನ್ ರೈಲ್ ಎಂಜಿನ್‌ನಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ ಇಂಜೆಕ್ಟರಿಗೆ ಹೋಗುತ್ತದೆ. ಹಳೆಯ ನಾಸಲ್‌ಗಳ ಒತ್ತಡ ಇದರ ಹತ್ತಿರಕ್ಕೂ ಬರುವುದಿಲ್ಲ. ಆ ಒತ್ತಡದಲ್ಲಿ ಕೆಲಸ ಮಾಡಬೇಕಾದ ಇಂಜೆಕ್ಟರಿನ ಒಳಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದು. ಒಂದು ಹನಿ ನೀರು, ಒಂದು ಕಣ ದೂಳು ಸಾಕು ಅದನ್ನು ಕೆಡಿಸಲು. ಕೆಟ್ಟರೆ ದುಬಾರಿ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ನೀರು, ಆ ದೂಳು ಎಲ್ಲಿಂದ ಬಂತು? ಸುಗ್ಗಿಯಲ್ಲಿ ಕಟಾವು ಯಂತ್ರಕ್ಕೆ, ಟ್ರ್ಯಾಕ್ಟರಿಗೆ ಅಂತ ಡ್ರಮ್ಮಿನಲ್ಲಿ ತಂದಿಟ್ಟ ಡೀಸೆಲ್ಲನ್ನೇ ಕ್ಯಾನಿನಿಂದ ಪಿಕಪ್ಪಿಗೂ ಸುರಿಯುತ್ತಾರೆ. ಡ್ರಮ್ಮಿನ ಬಾಯಿ ಅರ್ಧ ತೆರೆದಿರುತ್ತದೆ, ತಳದಲ್ಲಿ ತುಕ್ಕು ಕೂತಿರುತ್ತದೆ, ರಾತ್ರಿಯ ತಂಪಿಗೆ ಒಳಗೆ ಬೆವರು ಇಳಿದಿರುತ್ತದೆ. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬಸಿಯುವ ತಿರುಪು ಇರುತ್ತದೆ. ಅದನ್ನು ಒಮ್ಮೆಯೂ ತಿರುವದ ಡ್ರೈವರುಗಳು ನಮ್ಮಲ್ಲಿ ಎಷ್ಟು ಜನ! ಬಿಎಸ್-3 ಕಾಲದಲ್ಲಿ ಡೀಸೆಲ್ಲಿನಲ್ಲಿ ಗಂಧಕ 350 ಪಿಪಿಎಂ ತನಕ ಇರಬಹುದಿತ್ತು, ಬಿಎಸ್-4ರಲ್ಲಿ 50, ಈಗ 10. ಬಂಕಿನಿಂದ ಬರುವ ಡೀಸೆಲ್ ಇಷ್ಟು ಶುದ್ಧವಾಗಿದೆ. ಅದನ್ನು ಹೊಲದ ಬದುವಿನಲ್ಲಿ ಹೊಲಸು ಮಾಡಿ ಹಾಕಿ, ಇಂಜೆಕ್ಟರ್ ಹೋಯಿತು ಎಂದು ತಲೆಮೇಲೆ ಕೈಹೊತ್ತು ಕೂರುತ್ತೇವೆ.

ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುವ ಬಿಎಸ್-6 ಡೀಸೆಲ್ ಗಾಡಿಗಳ ಮಾತು ಇನ್ನೊಂದು ಬಗೆಯದು. ಆ ಫಿಲ್ಟರ್ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಗಾಡಿ ಒಂದಿಷ್ಟು ಹೊತ್ತು ತಡೆಯಿಲ್ಲದೆ ಓಡಬೇಕು. ಸಿರುಗುಪ್ಪದಿಂದ ಬಳ್ಳಾರಿಗೆ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ದಿನಾ ಐವತ್ತು ಚಿಲ್ಲರೆ ಕಿಲೋಮೀಟರ್ ಓಡುವವನಿಗೆ ಅದರ ಕಾಟ ಕಡಿಮೆ. ಕೌಲ್ ಬಜಾರ್, ಬ್ರೂಸ್‌ಪೇಟೆ ಗಲ್ಲಿಗಳಲ್ಲಿ ಅರ್ಧ ಕಿಲೋಮೀಟರಿಗೊಮ್ಮೆ ನಿಲ್ಲುವವನಿಗೆ ಕಾಟ ಹೆಚ್ಚು, ಅವನಿಗೆ ಪೆಟ್ರೋಲ್ ಅಥವಾ ಸಿಎನ್‌ಜಿಯ ಸಣ್ಣ ಗಾಡಿಯೇ ಸರಿ. ನೋಡಿ, ಇಲ್ಲಿಯೂ ಉತ್ತರ ಎಂಜಿನ್‌ನ ಹೆಸರಿನಲ್ಲಿ ಇಲ್ಲ, ನಿಮ್ಮ ಓಡಾಟದಲ್ಲಿ ಇದೆ. ಕೆಲವರು ಆ ಫಿಲ್ಟರನ್ನೇ ಕೊಯ್ದು ಪೈಪು ಕೂಡಿಸಿ ಮಾರುತ್ತಾರೆ. ಅಂಥ ಗಾಡಿ ಕೊಂಡರೆ ಹೊಗೆ ತಪಾಸಣೆಯ ತಲೆನೋವನ್ನೂ ಜೊತೆಗೇ ಕೊಂಡಂತೆ.

ಇನ್ನು ದುಡ್ಡಿನ ಲೆಕ್ಕ. ಚಹಾದಂಗಡಿಯಲ್ಲಿ ಈ ಲೆಕ್ಕ ಹೇಗೆ ನಡೆಯುತ್ತದೆ? “ಇಂಜೆಕ್ಟರ್ ಸೆಟ್ಟಿಗೆ ನಲವತ್ತೈದು ಸಾವಿರ ಆತಂತ” ಎಂದು ಒಬ್ಬ ಹೇಳುತ್ತಾನೆ, ಎಲ್ಲರೂ ಉಸ್ ಅನ್ನುತ್ತಾರೆ, ತೀರ್ಪು ಮುಗಿಯಿತು. ಹಳೆಯ ಗಾಡಿಗೆ ಇವತ್ತು ಎರಡು ಸಾವಿರ, ಮುಂದಿನ ವಾರ ಸಾವಿರದೈನೂರು ಹೋದದ್ದನ್ನು ಯಾರೂ ಬರೆದಿಡುವುದಿಲ್ಲ. ನಾವು ಬರೆದು ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ದಿನಕ್ಕೆ ಡೀಸೆಲ್, ಡ್ರೈವರ್ ಭತ್ಯೆ ಕಳೆದು ಉಳಿಯುವುದು 1,500 ರೂಪಾಯಿ ಎನ್ನೋಣ. ಹಳೆಯ ಗಾಡಿ ವರ್ಷದಲ್ಲಿ ಹದಿನೆಂಟು ಸಲ ಗ್ಯಾರೇಜು ಕಂಡು, ಪ್ರತಿ ಸಲ ಎರಡು ಸಾವಿರ ಖರ್ಚಾಗಿ, ಎರಡೆರಡು ದಿನ ನಿಂತಿತು. ರಿಪೇರಿಗೆ 36,000. ನಿಂತ 36 ದಿನಕ್ಕೆ 54,000. ಕೂಡಿದರೆ 90,000. ಹೊಸ ಸೆನ್ಸರ್ ಗಾಡಿಯ ಕಡೆ ಇಂಜೆಕ್ಟರಿಗೆ 45,000, ಸರ್ವೀಸಿಗೆ 15,000, ನಿಂತ ಐದು ದಿನಕ್ಕೆ 7,500. ಒಟ್ಟು 67,500. ಊರೆಲ್ಲ ಹೆದರಿದ್ದು ಈ ಎರಡನೆಯದಕ್ಕೆ.

ಇಷ್ಟಕ್ಕೇ ಹೊಸದು ಗೆದ್ದಿತು ಎಂದು ನಾನು ಕೈತಟ್ಟುವುದಿಲ್ಲ. ಹೊಸ ಗಾಡಿಗೆ ಎರಡು ಮೂರು ಲಕ್ಷ ಹೆಚ್ಚಿಗೆ ಸಾಲ ಮಾಡಬೇಕು, ಅದರ ಬಡ್ಡಿ ಸೇರಿದರೆ ಲೆಕ್ಕ ಸಮ ಆಗಬಹುದು, ಹಳೆಯದೇ ಗೆಲ್ಲಲೂಬಹುದು. ಹಳೆಯದರ ಸಾಲಕ್ಕೆ ಫೈನಾನ್ಸಿನವರು ಹೆಚ್ಚಿನ ಬಡ್ಡಿ, ಕಡಿಮೆ ಅವಧಿ ಹಾಕುತ್ತಾರೆ ಎಂಬುದನ್ನೂ ಕೂಡಿಸಬೇಕು. ನನ್ನ ಜಗಳ ಹಳೆಯ ಗಾಡಿಯ ಮೇಲಲ್ಲ, ಲೆಕ್ಕವನ್ನೇ ಹಾಕದೆ ತೀರ್ಪು ಕೊಡುವುದರ ಮೇಲೆ. ಅದರಲ್ಲೂ ನಿಂತ ದಿನಗಳೆಲ್ಲ ಒಂದೇ ಬೆಲೆಯವಲ್ಲ. ಕುರುಗೋಡು ಕಡೆಯ ಒಣಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗಬೇಕು, ಇನ್ನೂರು ಕಿಲೋಮೀಟರ್ ಆಸುಪಾಸಿನ ದಾರಿ. ಅಲ್ಲಿ ಟೆಂಡರು ನಡೆಯುವುದು ಸೋಮವಾರ, ಗುರುವಾರ. ಬುಧವಾರ ರಾತ್ರಿ ನಿಮ್ಮ ಗಾಡಿ ಹರಪನಹಳ್ಳಿ ಹತ್ತಿರ ನಿಂತುಬಿಟ್ಟರೆ ಹೋದದ್ದು ಒಂದು ದಿನದ ಬಾಡಿಗೆ ಮಾತ್ರವೇ? ರೈತನ ಮಾಲು ಗುರುವಾರದ ಟೆಂಡರು ತಪ್ಪಿಸಿಕೊಂಡಿತು. ಮುಂದಿನ ಸಲ ಆ ರೈತ ಬೇರೆ ಗಾಡಿಗೆ ಫೋನು ಮಾಡುತ್ತಾನೆ. ಆ ನಷ್ಟ ಯಾವ ಗ್ಯಾರೇಜಿನ ಚೀಟಿಯಲ್ಲೂ ಬರುವುದಿಲ್ಲ.

ಕಂತಿನ ದುಡಿಮೆ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು 2024ರಲ್ಲಿ ಇಡೀ ಸೀಮೆಗೆ ತಿಳಿಯಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ವಾರದಲ್ಲಿ ಸ್ಟಾಪ್‌ಲಾಗ್ ಕೂಡಿಸಿ ನೀರು ಉಳಿಸಿಕೊಂಡರು. ಆ ವಾರ ಆತಂಕಪಟ್ಟವರಲ್ಲಿ ರೈತರಷ್ಟೇ ಇರಲಿಲ್ಲ. ಭತ್ತ ಬೆಳೆಯದಿದ್ದರೆ ಪಿಕಪ್ಪಿಗೆ ಬಾಡಿಗೆಯಿಲ್ಲ, ಬಾಡಿಗೆ ಇಲ್ಲದಿದ್ದರೆ ಕಂತಿಲ್ಲ. ಇಂಥ ಅನಿಶ್ಚಿತದಲ್ಲಿ ದುಡಿಯುವ ಮನುಷ್ಯನಿಗೆ ನಾವು ಕೊಡುವ ಸಲಹೆ “ಇಂಜಿನ್ ಗಟ್ಟಿ ಐತಿ” ಎಂಬ ಮೂರು ಪದ.

ಕಾಗದಪತ್ರದ ಕಡೆಯೂ ಒಂದು ಲೆಕ್ಕವಿದೆ. ಸುಪ್ರೀಂ ಕೋರ್ಟ್ ಆದೇಶದಂತೆ 2017ರ ಏಪ್ರಿಲ್ 1ರಿಂದ ಬಿಎಸ್-3 ಗಾಡಿಗಳ ಮಾರಾಟ ನಿಂತಿತು. ಅಂದರೆ ಇವತ್ತು ಮಾರಾಟಕ್ಕಿರುವ ಯಾವ ಬಿಎಸ್-3 ಪಿಕಪ್ಪೂ ಎಂಟು ವರ್ಷದ ಒಳಗಿನದಲ್ಲ. ಸರಕು ಸಾಗಣೆ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ. ಪ್ರತಿ ಎಫ್‌ಸಿಗೂ ಬಣ್ಣ, ಟಿಂಕರಿಂಗ್, ಟಯರು, ಲೈಟು, ಓಡಾಟ. ಹದಿನೈದು ವರ್ಷ ದಾಟಿದ ಗಾಡಿಗಳ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಏರಿಸಿಯೂ ಆಗಿದೆ. “ಪಂಪಿನ ಗಾಡಿಗೆ ಖರ್ಚಿಲ್ಲ” ಎನ್ನುವವರು ಇದನ್ನು ಯಾವ ಖಾತೆಗೆ ಹಾಕುತ್ತಾರೆ? ಗಡಿಯಾಚೆಯ ಆದೋನಿ, ಗುಂತಕಲ್ ಕಡೆಯಿಂದ ಆಂಧ್ರದ ನಂಬರಿನ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದು ತರುವವರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಸಾಲವಿದ್ದರೆ ಫೈನಾನ್ಸಿನವರ ಸಹಿಯ ಫಾರ್ಮ್ 35, ಹೆಸರು ಬದಲಾವಣೆಗೆ 29 ಮತ್ತು 30, ಮೇಲೆ ನಮ್ಮ ರಾಜ್ಯದ ತೆರಿಗೆ. ಇವು ಮುಗಿಯುವ ತನಕ ಗಾಡಿ ನಿಮ್ಮದಲ್ಲ, ಅಪಘಾತವಾದರೆ ತೊಂದರೆ ಮಾತ್ರ ನಿಮ್ಮದು.

“ರೀಸೇಲ್ ಇರೋ ಗಾಡಿ ತಗೋ” ಎಂಬ ಇನ್ನೊಂದು ಮಾತಿದೆ. ರೀಸೇಲ್ ಹೆಚ್ಚು ಎಂದರೆ ಕೊಳ್ಳುವವನಿಗೆ ಬೆಲೆ ಹೆಚ್ಚು ಎಂದರ್ಥ, ಬಾಳಿಕೆ ಹೆಚ್ಚು ಎಂದಲ್ಲ. ಹೆಸರಿಗೆ ಕೊಟ್ಟ ಆ ಹೆಚ್ಚಿನ ದುಡ್ಡಿನಲ್ಲಿ ಕಡಿಮೆ ಹೆಸರಿನ, ಚೆನ್ನಾಗಿ ಸಾಕಿದ ಗಾಡಿ ತಗೊಂಡು ಟಯರು, ಬ್ಯಾಟರಿ, ಕ್ಲಚ್ ಎಲ್ಲ ಹೊಸದು ಹಾಕಿಸಬಹುದು. ಆದರೆ ಒಂದು ಎಚ್ಚರಿಕೆ: ಕಂಪನಿ ತಯಾರಿಕೆ ನಿಲ್ಲಿಸಿದ ಮಾಡೆಲ್ಲುಗಳು ತೀರಾ ಅಗ್ಗಕ್ಕೆ ಬರುತ್ತವೆ. ಅಡ್ವಾನ್ಸ್ ಕೊಡುವ ಮೊದಲು ಬಳ್ಳಾರಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ವಾಟರ್ ಪಂಪು, ಕ್ಲಚ್ ಸೆಟ್ಟು, ಹೆಡ್ ಗ್ಯಾಸ್ಕೆಟ್ ಈಗಲೇ ಸಿಗುತ್ತದೆಯೇ ಎಂದು ಕೇಳಿ. ಹುಬ್ಬಳ್ಳಿಯಿಂದ ತರಿಸಬೇಕು ಎಂದರೆ ಆ ಗಾಡಿಯ ಪ್ರತಿ ರಿಪೇರಿಗೂ ಮೂರು ದಿನ ಈಗಲೇ ಕೂಡಿಸಿಕೊಳ್ಳಿ.

ಹಳೆಯ ಮಾತಿನಲ್ಲಿ ಸತ್ಯ ಇಲ್ಲವೇ ಇಲ್ಲ ಎನ್ನಲಾರೆ. ಹಚ್ಚೊಳ್ಳಿ, ತೆಕ್ಕಲಕೋಟೆ ಕಡೆ ಸ್ವಂತ ಹೊಲದ ಕೆಲಸಕ್ಕೆ, ಸುಗ್ಗಿಯ ತಿಂಗಳು, ಗೊಬ್ಬರದ ತಿಂಗಳು ಬಿಟ್ಟರೆ ಮಿಕ್ಕ ದಿನ ಕೊಟ್ಟಿಗೆ ಪಕ್ಕ ನಿಲ್ಲುವ ಗಾಡಿ ಬೇಕು ಎನ್ನುವ ರೈತನಿಗೆ ಒಳ್ಳೆಯ ಸ್ಥಿತಿಯ ಹಳೇ ಪಂಪಿನ ಗಾಡಿ ಸರಿಯಾದ ಆಯ್ಕೆ. ನಿಂತ ದಿನಕ್ಕೆ ಅವನಿಗೆ ನಷ್ಟವಿಲ್ಲ, ಮನೆಯ ಹತ್ತಿರವೇ ಮೆಕ್ಯಾನಿಕ್ ಇರುತ್ತಾನೆ. ಆ ಸಲಹೆಯನ್ನು ಕಂತು ಕಟ್ಟಿ ದಿನಾ ಬಾಡಿಗೆ ಹೊಡೆಯುವವನಿಗೂ ಕೊಡುವುದೇ ತಪ್ಪು. ಸ್ಕ್ಯಾನರ್ ಹಿಡಿಯಲು ಬಾರದ ಮೆಕ್ಯಾನಿಕ್ ಸೆನ್ಸರ್ ಗಾಡಿಯನ್ನು ಬೈದರೆ ಅದು ಅವನ ಕಷ್ಟ, ಗಾಡಿಯ ದೋಷವಲ್ಲ. ಐಟಿಐಗಳಲ್ಲಿ ಮೆಕ್ಯಾನಿಕ್ ಡೀಸೆಲ್ ಕಲಿತು ಬರುವ ಹುಡುಗರು ಸ್ಕ್ಯಾನರ್ ಹಚ್ಚಿ ಐದು ನಿಮಿಷದಲ್ಲಿ ಯಾವ ಇಂಜೆಕ್ಟರ್ ಸೋತಿದೆ ಎಂದು ಹೇಳುವುದನ್ನು ನೋಡಿದ್ದೇನೆ. ಕೊಳ್ಳುವವನಿಗೆ ಇದು ವರವೇ. ಹಳೆಯ ಗಾಡಿ ತನ್ನ ಹಿಂದಿನ ಕಥೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸೆನ್ಸರ್ ಗಾಡಿಯ ಕಂಪ್ಯೂಟರಿನಲ್ಲಿ ಹಿಂದಿನ ದೋಷಗಳ ಗುರುತು ಉಳಿದಿರುತ್ತದೆ. ಮಾರುವ ಮುನ್ನ ಅಳಿಸಿದ್ದರೆ, ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದೂ ಅನೇಕ ಗಾಡಿಗಳಲ್ಲಿ ಸಿಗುತ್ತದೆ.

ಆದ್ದರಿಂದ ಪಿಕಪ್ ಕೊಳ್ಳಲು ಹೊರಟಿರುವ ತಮ್ಮಂದಿರಲ್ಲಿ ನನ್ನ ಮನವಿ. ಬೆಳಿಗ್ಗೆ ಹೇಳದೆ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ನೋಡಿ. ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ವಾಪಸ್ ಬನ್ನಿ, ಇನ್ನೊಂದು ದಿನ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ಆಯಿಲ್ ಮುಚ್ಚಳ ತೆಗೆಸಿ ಬ್ಯಾಕ್ ಕಂಪ್ರೆಷನ್ ಬರುತ್ತದೆಯೇ ನೋಡಿ. ರೇಡಿಯೇಟರಿನಲ್ಲಿ ಬಣ್ಣದ ಕೂಲೆಂಟ್ ಇದೆಯೋ ತುಕ್ಕು ನೀರೋ ನೋಡಿ. ಕೆಳಗೆ ಮಲಗಿ ಚಾಸಿಯ ವೆಲ್ಡಿಂಗ್, ಹೆಚ್ಚಿಗೆ ಕೂಡಿಸಿದ ಬ್ಲೇಡ್, ಹೌಸಿಂಗಿನ ಆಯಿಲ್ ಜಿನುಗು ಹುಡುಕಿ. ಮೀಟರು ಎಷ್ಟು ತೋರಿಸುತ್ತದೆ ಎನ್ನುವುದನ್ನು ಬಿಟ್ಟು, ಗಾಡಿ ಯಾರ ಹತ್ತಿರ ಇತ್ತು, ಏನು ಹೊತ್ತಿತು ಎಂದು ಅವರ ಮಿಲ್ಲಿನಲ್ಲೋ ಅಂಗಡಿಯಲ್ಲೋ ಹೋಗಿ ಕೇಳಿ. ಬ್ರೋಕರ್ ಕರೆತಂದ ಮೆಕ್ಯಾನಿಕ್ ಬೇಡ, ನಿಮ್ಮ ದುಡ್ಡು ಕೊಟ್ಟು ನಿಮ್ಮವರನ್ನು ಕರೆದುಕೊಂಡು ಹೋಗಿ. ಕೊಂಡ ಮೇಲೆ ಒಂದು ನೋಟ್‌ಬುಕ್ ಇಡಿ, ಅದರಲ್ಲಿ ರಿಪೇರಿಗೆ ಕೊಟ್ಟ ಪ್ರತಿ ರೂಪಾಯಿಯನ್ನೂ ಗಾಡಿ ನಿಂತ ಪ್ರತಿ ದಿನವನ್ನೂ ಬರೆಯಿರಿ. ವರ್ಷದ ಕೊನೆಗೆ ಆ ಪುಸ್ತಕ ಹಿಡಿದು ಚಹಾದಂಗಡಿಗೆ ಹೋಗಿ, ಯಾರ ಗಾಡಿ ಅಗ್ಗವಾಯಿತು ಎಂದು ಎಲ್ಲರ ಮುಂದೆ ಓದಿ ಹೇಳಿ.